ಗಾಢ ನಿದ್ದೆ ಬರೀ 35 ನಿಮಿಷ ಎಂದು ವಾಚ್ ತೋರಿಸಿದರೆ ಹೆದರಬೇಕೇ?

ಏಳು ಗಂಟೆ ಮಲಗಿದರೂ ಸ್ಮಾರ್ಟ್‌ವಾಚ್ ದಿನಾ 35 ನಿಮಿಷದ ಆಸುಪಾಸಿನಲ್ಲೇ ಗಾಢ ನಿದ್ದೆ ತೋರಿಸುತ್ತಿದೆ, ನಂಬಬೇಕೇ ಎಂದು ಕೇಳಿದ್ದೀರಿ. ಆ ಒಂದು ಅಂಕಿ ಹಿಡಿದುಕೊಂಡು ಚಿಂತೆಗೆ ಬೀಳಬೇಡಿ.

ನಿದ್ದೆಯ ಹಂತ ಸರಿಯಾಗಿ ತಿಳಿಯುವುದು ಮಿದುಳಿನ ಅಲೆಗಳಿಂದ. ಸ್ಲೀಪ್ ಲ್ಯಾಬಿನಲ್ಲಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಇಡೀ ರಾತ್ರಿಯನ್ನು 30 ಸೆಕೆಂಡಿನ ತುಣುಕುಗಳಾಗಿ ಓದುತ್ತಾರೆ. ವಾಚಿನ ಬಳಿ ಮುಖ್ಯವಾಗಿ ಇರುವುದು ಎರಡೇ: ಕೈಯ ಅಲುಗಾಟ ಅಳೆಯುವ ಆಕ್ಸೆಲೆರೋಮೀಟರ್, ಹಸಿರು ಬೆಳಕು ಹಾಯಿಸಿ ನಾಡಿ ಎಣಿಸುವ ಸೆನ್ಸರ್. ಹಂತಗಳೆಲ್ಲ ಇವುಗಳಿಂದ ಕಟ್ಟಿದ ಅಂದಾಜು. ಎಚ್ಚರವಿದ್ದೂ ಅಲುಗದೆ ಬಿದ್ದುಕೊಂಡರೆ ಅದನ್ನೂ ನಿದ್ದೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ನಿದ್ದೆ ಬಾರದೆ ಒದ್ದಾಡುವವರಿಗೇ ವಾಚ್ ಹೆಚ್ಚು ತಪ್ಪು ಹೇಳುವುದು ಇದರಿಂದಲೇ.

ಅಂದಾಜಾದರೂ ಹದವಾಗಿರಲಿ ಎಂದರೆ ಮೊದಲು ಸ್ಟ್ರ್ಯಾಪ್ ನೋಡಿ. ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ, ಗುರುತು ಮೂಡದಷ್ಟು ಸಡಿಲವಾಗಿ ಕಟ್ಟಿ. ಸಡಿಲವಾದರೆ ಬೆಳಕು ಸೋರಿ ನಾಡಿಯ ದಾಖಲೆ ತುಂಡಾಗುತ್ತದೆ. ಸಂಜೆ ಸ್ನಾನದ ಹೊತ್ತಿಗೆ ಚಾರ್ಜಿಗೆ ಹಾಕಿ. ಮಲಗುವಾಗ ಕನಿಷ್ಠ 30% ಇರಲಿ. ಬ್ಯಾಟರಿ ಸೇವರ್ ಆನ್ ಇದ್ದರೆ ಎಷ್ಟೋ ವಾಚುಗಳು ನಾಡಿ ಅಳೆಯುವುದನ್ನೇ ಕಡಿಮೆ ಮಾಡುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ವಾಚಿನ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ, ಇಲ್ಲವಾದರೆ ಸಿಂಕ್ ನಡುವೆ ನಿಲ್ಲುತ್ತದೆ. ಎರಡು ಆಪ್‌ಗಳು ಒಂದೇ ರಾತ್ರಿಯನ್ನು ಹೆಲ್ತ್ ಕನೆಕ್ಟ್‌ಗೆ (ಆಪ್‌ಗಳ ಆರೋಗ್ಯ ಮಾಹಿತಿಯನ್ನು ಒಂದೆಡೆ ಕೂಡಿಡುವ ಆಂಡ್ರಾಯ್ಡ್ ವ್ಯವಸ್ಥೆ) ಬರೆಯುತ್ತಿದ್ದರೆ ಗಂಟೆಗಳು ಗೋಜಲಾಗುತ್ತವೆ. ಒಂದಕ್ಕೆ ಮಾತ್ರ ಬರೆಯುವ ಅನುಮತಿ ಕೊಡಿ.

ಮತ್ತೆ ನೋಡಬೇಕಾದ್ದೇನು? ಮಲಗಿದ ಹೊತ್ತು, ಎದ್ದ ಹೊತ್ತು, ಒಟ್ಟು ಗಂಟೆ. ಒಂದು ರಾತ್ರಿಯದ್ದಲ್ಲ, ಎರಡು ವಾರದ್ದು. ಪಕ್ಕದಲ್ಲೊಂದು ಕಾಗದದಲ್ಲಿ ಕಾಫಿ ಕುಡಿದ ಸಮಯ, ಹಗಲು ತೂಕಡಿಸಿದ್ದು ಬರೆದಿಡಿ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲರ್ಧದಲ್ಲಿ ಬರುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಮೂವತ್ತರ ಮಗನ ಗ್ರಾಫಿನ ಪಕ್ಕ ಅರವತ್ತರ ಅಪ್ಪನದ್ದನ್ನು ಇಟ್ಟು ನೋಡುವುದು ತಪ್ಪು. ಬೆಳಿಗ್ಗೆ ಎದ್ದ ಕೂಡಲೇ ಸ್ಕೋರ್ ನೋಡಿ ದಿನವಿಡೀ ಸುಸ್ತೆನಿಸುತ್ತಿದ್ದರೆ ಒಂದು ವಾರ ಆಪ್ ತೆರೆಯಲೇಬೇಡಿ. ಈ ಗೀಳಿಗೆ ವೈದ್ಯರು ಆರ್ಥೋಸೋಮ್ನಿಯಾ ಎಂದು ಹೆಸರಿಟ್ಟಿದ್ದಾರೆ, ಇದೇ ನಿದ್ದೆ ಕೆಡಿಸುತ್ತದೆ.

ಆದರೆ ಜೋರು ಗೊರಕೆ, ನಡುವೆ ಉಸಿರು ಕಟ್ಟಿ ಎಚ್ಚರವಾಗುವುದು, ಗಾಡಿ ಓಡಿಸುವಾಗ ಕಣ್ಣು ಎಳೆಯುವುದು ಇವುಗಳಲ್ಲಿ ಯಾವುದಿದ್ದರೂ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ತಡೆಯುವ ತೊಂದರೆ) ಪರೀಕ್ಷೆ ಮಾಡಿಸಿ. ವಯಸ್ಕರಲ್ಲಿ ಉಸಿರಿನ ತಡೆ ಗಂಟೆಗೆ 5ರಿಂದ 15 ಬಾರಿಯೊಳಗೆ ಇದ್ದರೆ ಸೌಮ್ಯ, 30 ಬಾರಿ ಮತ್ತು ಅದಕ್ಕೂ ಮೇಲೆ ತೀವ್ರ. ವಾಚಿನಲ್ಲಿ ಆಮ್ಲಜನಕದ ಅಂಕಿ ಚೆನ್ನಾಗಿದೆಯೆಂದು ಈ ಪರೀಕ್ಷೆಯನ್ನು ಮುಂದೂಡಬೇಡಿ.