ಗಬ್ಬ ಇರೋ ಬೆಕ್ಕಿಗೆ ಗಜಕರ್ಣದ ಗುಳಗಿ? ಬ್ಯಾಡ್ರಿ

ಬೆಕ್ಕು ಗಬ್ಬಾಗಿ ತಿಂಗಳಾತು, ಮರಿಯ ಬಾಯಿ, ಜೊಲ್ಲಿನ ಗ್ರಂಥಿ ಎಲ್ಲಾ ಆಗಿರ್ತಾವ, ಇನ್ನ ಗಜಕರ್ಣಕ್ಕ ಗ್ರಿಸಿಯೋಫಲ್ವಿನ್ ಕೊಟ್ರ ನಡೀತೈತೇನು ಅಂತ ಕೇಳೀರಿ. ಬಿಲ್ಕುಲ್ ಬ್ಯಾಡ್ರಿ. ಗಬ್ಬ ಸುಮಾರು 63-65 ದಿನ, ಈಗ ಅರ್ಧಾನ ಆಗೇತಿ. ಜೊಲ್ಲಿನ ಗ್ರಂಥಿ ಒಮ್ಮೆಲೇ ಆಗೂದಿಲ್ಲ, ಬಾಯಿ ಒಳಪದರಿಂದ ಮೊಗ್ಗಿನಂಗ ಕೆಳಗ ಇಳದು, ಟೊಂಗಿ ಟೊಂಗಿ ಒಡದು, ಆಮ್ಯಾಲೆ ನಡುವ ಪೊಳ್ಳಾಗಿ ನಾಳ ಆಗ್ತೈತಿ, ಎಲುಬಂತೂ ಎಕ್ಸ್‌ರೇದಾಗ ಚಲೋ ಕಾಣೂದು 40 ದಿನ ದಾಟಿದ್ಮ್ಯಾಲೇನ. ಆ ಗುಳಗಿಂದ ಮರಿಗೆ ಅಂಗುಳ ಸೀಳೂದು, ಮೆದುಳು-ಎಲುಬಿನ ದೋಷ ಬರೂದು ಡಾಕ್ಟರ್‌ಗೋಳಿಗೆ ಗೊತ್ತಿರೋ ವಿಷಯ. ಗಜಕರ್ಣ ನಮಗೂ ಹತ್ತತೈತಿ, ಕೈ ತೊಳ್ಕೋರಿ ಮತ್ತ. ಹುಬ್ಬಳ್ಳ್ಯಾಗ ಪಶು ಡಾಕ್ಟರ್‌ಗೆ ತೋರ್ಸ್ರಿ, ಗಬ್ಬ ಐತಿ ಅಂತ ಮೊದ್ಲ ಹೇಳ್ರಿ, ಮುಲಾಮೂ ಕೇಳೇ ಹಚ್ರಿ, ಬೆಕ್ಕು ಮೈ ನೆಕ್ಕೇ ನೆಕ್ಕತೈತಿ.