ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಸಮೀಕ್ಷೆಯ ಅಂಕ ನೋಡಿ ಕಾರು ಕೊಳ್ಳಬಹುದೇ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬೇಕೆಂದಿದ್ದೇನೆ. ಎರಡು ಮಾದರಿಗಳ ನಡುವೆ ಮನಸ್ಸು ಹೊಯ್ದಾಡುತ್ತಿದೆ. ಮಾಲೀಕರ ಸಮೀಕ್ಷೆಯೊಂದರಲ್ಲಿ ಮೊದಲನೆಯದಕ್ಕೆ ಐದರಲ್ಲಿ ನಾಲ್ಕು ಅಂಕ, ಎರಡನೆಯದಕ್ಕೆ ಎರಡೇ. ಆದರೆ ಆ ಎರಡು ಅಂಕದ ಕಾರನ್ನೇ ನಮ್ಮ ಭಾವ ಐದು ವರ್ಷದಿಂದ ಓಡಿಸುತ್ತಿದ್ದಾರೆ. "ಒಂದು ದಿನವೂ ಕೈಕೊಟ್ಟಿಲ್ಲ, ಆ ಸಮೀಕ್ಷೆಗಳೆಲ್ಲ ದುಡ್ಡು ಕೊಟ್ಟು ಬರೆಸಿದ್ದು" ಅನ್ನುತ್ತಾರೆ. ಯಾರನ್ನು ನಂಬಲಿ ಸರ್?

ಉತ್ತರ: ಭಾವನವರ ಜೊತೆ ಜಗಳಕ್ಕಿಳಿಯಬೇಡಿ. ತಮ್ಮ ಕಾರಿನ ಮಟ್ಟಿಗೆ ಅವರು ಹೇಳುವುದು ನಿಜವೇ ಇರಬೇಕು. ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಮಾದರಿಯ ನೂರು ಕಾರುಗಳಲ್ಲಿ ವರ್ಷಕ್ಕೆ 15 ಕಾರುಗಳಿಗೆ ದೊಡ್ಡ ರಿಪೇರಿ ಬರುತ್ತದೆ ಎಂದಿಟ್ಟುಕೊಳ್ಳಿ. ಹಾಗಿದ್ದೂ ಐದು ವರ್ಷ ಏನೂ ಆಗದೆ ಓಡುವ ಕಾರುಗಳು ನೂರಕ್ಕೆ ಸುಮಾರು 44 ಉಳಿಯುತ್ತವೆ. ವರ್ಷಕ್ಕೆ 10 ಮಾತ್ರ ಕೆಡುವ 'ಒಳ್ಳೆಯ' ಮಾದರಿಯಲ್ಲಿ ಈ ಸಂಖ್ಯೆ 59. ಅಂದರೆ ಕೆಟ್ಟ ಹೆಸರಿನ ಕಾರು ಇಟ್ಟುಕೊಂಡವರಲ್ಲಿ ಅರ್ಧದ ಹತ್ತಿರ ಮಂದಿ ಭಾವನವರ ಹಾಗೆಯೇ ಎದೆ ತಟ್ಟಿ ಮಾತಾಡುತ್ತಾರೆ. ಒಳ್ಳೆಯ ಹೆಸರಿನ ಕಾರು ಕೊಂಡ 41 ಮಂದಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕಂಪನಿಗೆ ಶಾಪ ಹಾಕುತ್ತಿರುತ್ತಾರೆ. ಮನೆಯ ಮುಂದಿರುವ ಒಂದು ಕಾರನ್ನು ನೋಡಿ ಈ ಎರಡು ಮಾದರಿಗಳ ವ್ಯತ್ಯಾಸ ಹೇಳಲು ನಿಮ್ಮ ಭಾವನಿಂದ ಮಾತ್ರವಲ್ಲ, ಯಾರಿಂದಲೂ ಆಗದು.

ಇನ್ನು ದುಡ್ಡಿನ ಮಾತು. ಅದು ಯಾವ ಸಮೀಕ್ಷೆ ಅನ್ನುವುದರ ಮೇಲಿದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 1936ರಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಪರೀಕ್ಷೆಗೆ ಬೇಕಾದ ಕಾರನ್ನೂ ತಾನೇ ಕೊಳ್ಳುತ್ತದೆ. ಪ್ರತಿ ವರ್ಷ ತನ್ನ ಸದಸ್ಯರಿಗೆ ಪ್ರಶ್ನಾವಳಿ ಕಳಿಸಿ ಲಕ್ಷಗಟ್ಟಲೆ ಕಾರುಗಳ ಮಾಹಿತಿ ಪಡೆಯುತ್ತದೆ. 'ನಿಮ್ಮ ಕಾರು ಹೇಗಿದೆ' ಎಂದು ಸುಮ್ಮನೆ ಕೇಳುವುದಿಲ್ಲ. ಕಳೆದ 12 ತಿಂಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಎಲೆಕ್ಟ್ರಿಕಲ್ ಹೀಗೆ ಒಂದೊಂದು ಭಾಗದಲ್ಲೂ ಖರ್ಚು, ಸುರಕ್ಷತೆ ಅಥವಾ ಕಾರು ನಿಂತುಹೋದ ಕಾರಣಕ್ಕೆ ಗಂಭೀರ ಅನ್ನಿಸಿದ ತೊಂದರೆ ಬಂದಿತ್ತೇ ಎಂದು ಕೇಳುತ್ತದೆ. ಅಂಕ ಹಾಕುವಾಗ ಎಂಜಿನ್, ಗೇರ್‌ಬಾಕ್ಸುಗಳ ದೋಷಕ್ಕೆ ಹೆಚ್ಚು ತೂಕ. ಹೆಸರು ನೋಡಿ ಅಂಕ ಕೊಡುವ ಪೈಕಿ ಅಲ್ಲ ಅನ್ನುವುದಕ್ಕೆ 2007ರ ಸಂಗತಿ ಇದೆ. ಟೊಯೊಟಾದ ಹೊಸ ಮಾದರಿಗಳನ್ನು ಅಲ್ಲಿಯವರೆಗೆ ಕಣ್ಣುಮುಚ್ಚಿ ಶಿಫಾರಸು ಮಾಡುತ್ತಿದ್ದವರು, ಆ ವರ್ಷ ಕ್ಯಾಮ್ರಿ ಕಾರಿನ ವಿ6 ಎಂಜಿನ್ ಆವೃತ್ತಿ ಮತ್ತು ಟಂಡ್ರಾ ಪಿಕಪ್ಪಿನ ಒಂದು ಆವೃತ್ತಿ ಸಮೀಕ್ಷೆಯಲ್ಲಿ ಸರಾಸರಿಗಿಂತ ಕೆಳಗೆ ಬಿದ್ದಾಗ, ಇನ್ನು ಮುಂದೆ ಮಾಹಿತಿ ಕೈಗೆ ಬಾರದೆ ಹೊಸ ಟೊಯೊಟಾವನ್ನೂ ಶಿಫಾರಸು ಮಾಡುವುದಿಲ್ಲ ಎಂದುಬಿಟ್ಟರು.

ಹಾಗಾದರೆ ಹುಳುಕು ಎಲ್ಲಿ? 'ಗಂಭೀರ ಅನ್ನಿಸಿದ' ಎಂದೆನಲ್ಲ, ಅಲ್ಲಿ. ಅನ್ನಿಸಬೇಕಾದ್ದು ಮಾಲೀಕರಿಗೆ.

ವಾರಂಟಿ ಕ್ಲೇಮು ವಿಭಾಗದಲ್ಲಿ ಕೂತು ಜಾಬ್ ಕಾರ್ಡ್ ಓದುವುದೇ ಒಂದು ಕಾಲದಲ್ಲಿ ನನ್ನ ಹೊಟ್ಟೆಪಾಡು. ಕಾರ್ಡಿನ ಮೇಲ್ಭಾಗದಲ್ಲಿ ಗಿರಾಕಿಯ ದೂರು, ಅವರದೇ ಮಾತಿನಲ್ಲಿ: 'ಗುಂಡಿ ಇಳಿದಾಗ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತದೆ, ಎಂಜಿನ್ ಕಳಚಿ ಬೀಳುವ ಹಾಗೆ ಸದ್ದು.' ಕೆಳಗೆ ಮೆಕ್ಯಾನಿಕ್ಕಿನ ಒಂದೇ ಸಾಲು: 'ಎಡ ಸ್ಟೆಬಿಲೈಸರ್ ಲಿಂಕ್ ಬದಲಿಸಿದೆ, ಟೆಸ್ಟ್ ಡ್ರೈವ್ ಓಕೆ.' ಅದು ಸಸ್ಪೆನ್ಷನ್ನಿನ ಗೇಣುದ್ದದ ಸರಳು, ಎರಡು ತುದಿಗೂ ಒಂದೊಂದು ಬಾಲ್ ಜಾಯಿಂಟ್, ಚಕ್ರ ಬಿಚ್ಚಿ ಎರಡು ನಟ್ಟು ತೆಗೆದರೆ ಕೆಲಸ ಮುಗಿಯಿತು. ವರ್ಷ ಕಳೆದ ಮೇಲೆ ಇದೇ ಗಿರಾಕಿಗೆ ಪ್ರಶ್ನಾವಳಿ ಹೋದರೆ ಯಾವುದರ ಎದುರು ಟಿಕ್ ಬೀಳುತ್ತದೆ? ಸಸ್ಪೆನ್ಷನ್ ಎದುರೋ, ಎಂಜಿನ್ ಎದುರೋ, ಇಲ್ಲಾ ಸಂಗತಿಯೇ ಮರೆತುಹೋಗಿದೆಯೋ? ಕಂಪನಿಯವರೇ ನಡೆಸುತ್ತಿದ್ದ ಗಿರಾಕಿಗಳ ಸಮೀಕ್ಷೆಯ ಹಾಳೆಯನ್ನು ಜಾಬ್ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿದರೆ ಈ ಮೂರೂ ಕಾಣುತ್ತಿದ್ದವು. ತಾರೀಖಂತೂ ಕೇಳಲೇಬೇಡಿ. ಎರಡು ವರ್ಷದ ಹಿಂದಿನ ರಿಪೇರಿ 'ಮೊನ್ನೆ ಮೊನ್ನೆ' ಆಗಿರುತ್ತದೆ. ಆದರೆ ಗೇರ್‌ಬಾಕ್ಸ್ ಇಳಿಸಿ ಕಾರು ವಾರಗಟ್ಟಲೆ ವರ್ಕ್‌ಶಾಪಿನಲ್ಲಿ ನಿಂತಿದ್ದನ್ನು ಮರೆತ ಗಿರಾಕಿಯನ್ನು ನಾನು ಕಾಣೆ. ಆದ್ದರಿಂದ ಸಮೀಕ್ಷೆಯಲ್ಲಿ ಎಂಜಿನ್, ಗೇರ್‌ಬಾಕ್ಸಿನ ಸಾಲು ನೋಡುವಾಗ ನನಗೆ ನಂಬಿಕೆ ಹೆಚ್ಚು, 'ಗಡಗಡ ಸದ್ದು' ಎಂಬ ಸಾಲು ನೋಡುವಾಗ ಕಡಿಮೆ.

ಉತ್ತರ ಕೊಟ್ಟವರ ಸಂಖ್ಯೆಯೂ ಮುಖ್ಯ. ಒಂದು ಮಾದರಿಗೆ ನೂರೇ ಜನ ಉತ್ತರಿಸಿ ಅದರಲ್ಲಿ 10 ಮಂದಿ ತೊಂದರೆ ಹೇಳಿದರೆ, ನಿಜವಾದ ಪ್ರಮಾಣ ಶೇ. 5ರಿಂದ 17ರವರೆಗೆ ಎಲ್ಲಿ ಬೇಕಾದರೂ ಇರಬಹುದು. ನೂರು ನೂರು ಉತ್ತರಗಳ ಮೇಲೆ ಒಂದಕ್ಕೆ 10, ಇನ್ನೊಂದಕ್ಕೆ 15 ಬಂದರೆ ಆ ವ್ಯತ್ಯಾಸ ಬರಿಯ ಆಕಸ್ಮಿಕವೂ ಆಗಿರಬಹುದು. ಸಾವಿರ ಸಾವಿರ ಉತ್ತರಗಳ ಮೇಲೆ ಅದೇ ವ್ಯತ್ಯಾಸ ಬಂದರೆ ಆಗ ಗಂಭೀರವಾಗಿ ತೆಗೆದುಕೊಳ್ಳಿ. ಮೂರನೇ ಸ್ಥಾನ, ಆರನೇ ಸ್ಥಾನ ಎಂದು ಪಟ್ಟಿ ಮಾಡಿ ಅಚ್ಚು ಹಾಕುವವರು ಇದನ್ನು ಹೇಳುವುದು ಅಪರೂಪ. ಹೇಳಿದರೆ ಪಟ್ಟಿಯ ಸ್ವಾರಸ್ಯವೇ ಹೋಗುತ್ತದೆ.

ನಿಮ್ಮ ವಿಷಯದಲ್ಲಿ ಎರಡಕ್ಕೂ ನಾಲ್ಕಕ್ಕೂ ನಡುವಿನ ಅಂತರ ದೊಡ್ಡದೇ. ಉತ್ತರಿಸಿದವರು ಸಾಕಷ್ಟಿದ್ದರೆ ಅದನ್ನು ತಳ್ಳಿಹಾಕಬೇಡಿ. ಅಂಕ ಬಿದ್ದದ್ದು ಯಾವ ಭಾಗದಿಂದ, ಯಾವ ವರ್ಷದ ಕಾರುಗಳಿಂದ ಎಂದು ಹುಡುಕಿ. ಗೇರ್‌ಬಾಕ್ಸಿನಿಂದ ಬಿದ್ದಿದ್ದರೆ, ನೀವು ನೋಡುತ್ತಿರುವ ಕಾರಿನಲ್ಲಿ ಅದು ಈಗಾಗಲೇ ಬದಲಾಗಿದೆಯೇ ಎಂದು ಸರ್ವಿಸ್ ಬಿಲ್ಲು ಕೇಳಿ. ನಾಲ್ಕು ಅಂಕದ ಮಾದರಿಯಲ್ಲಿ ಎಣ್ಣೆ ಬದಲಿಸಿದ ದಾಖಲೆಯೇ ಇಲ್ಲದ ಕಾರು ಸಿಕ್ಕರೆ ನಾನಾದರೆ ಮುಟ್ಟುವುದಿಲ್ಲ. ಸಮೀಕ್ಷೆ ಮಾದರಿಯ ಬಗ್ಗೆ ಹೇಳುತ್ತದೆ, ನಿಮಗೆ ಮುಂಚೆ ಆ ಕಾರು ಯಾರ ಕೈಯಲ್ಲಿತ್ತು ಅನ್ನುವುದು ಅದಕ್ಕೆ ಗೊತ್ತಿಲ್ಲ.

ಪ್ರಶ್ನೆ: ಜಾಹೀರಾತಿನಲ್ಲಿ ಜೆ.ಡಿ. ಪವರ್ ಪ್ರಶಸ್ತಿಯ ಚಿತ್ರ ಹಾಕುತ್ತಾರೆ. ಆ ಪ್ರಶಸ್ತಿ ದುಡ್ಡಿಗೆ ಸಿಗುತ್ತದೆಯೇ?

ಉತ್ತರ: ರ‍್ಯಾಂಕು ದುಡ್ಡಿಗೆ ಸಿಗುವುದಿಲ್ಲ. ಆದರೆ ಬಂದ ರ‍್ಯಾಂಕನ್ನು ಜಾಹೀರಾತಿನಲ್ಲಿ ತೋರಿಸಲು ಕಂಪನಿಗಳು ಶುಲ್ಕ ಕಟ್ಟುತ್ತವೆ, ಸಮೀಕ್ಷೆಯ ವಿವರವಾದ ಮಾಹಿತಿಯನ್ನೂ ದುಡ್ಡು ಕೊಟ್ಟು ಪಡೆಯುತ್ತವೆ. 1968ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಸಮೀಕ್ಷಾ ಸಂಸ್ಥೆಯ ಮುಖ್ಯ ಗಿರಾಕಿ ಕಾರು ತಯಾರಕರೇ. ಅದರಲ್ಲಿ ಗುಟ್ಟೇನೂ ಇಲ್ಲ.

ನೀವು ನೋಡಬೇಕಾದ್ದು ಅದು ಯಾವ ಸಮೀಕ್ಷೆಯ ಪ್ರಶಸ್ತಿ ಅನ್ನುವುದನ್ನು. 'ಇನಿಷಿಯಲ್ ಕ್ವಾಲಿಟಿ' ಎಂದಿದ್ದರೆ ಕೊಂಡ ಮೊದಲ 90 ದಿನಗಳ ಅನುಭವ. 'ಡಿಪೆಂಡೆಬಿಲಿಟಿ' ಎಂದಿದ್ದರೆ ಮೂರು ವರ್ಷ ಹಳೆಯ ಕಾರುಗಳದು. ಹತ್ತು ವರ್ಷ ಕಾರು ಇಟ್ಟುಕೊಳ್ಳುವವರಿಗೆ ಮೊದಲ 90 ದಿನ ಕಟ್ಟಿಕೊಂಡು ಏನಾಗಬೇಕು? ಜೊತೆಗೆ ಅಲ್ಲಿ ಎಣಿಸುವುದು ನೂರು ಕಾರಿಗೆ ಎಷ್ಟು ದೂರು ಎಂದು. ಫೋನು ಬ್ಲೂಟೂತಿಗೆ ಸೇರದಿದ್ದರೂ ಒಂದು ದೂರು, ಗೇರ್‌ಬಾಕ್ಸ್ ಕೈಕೊಟ್ಟರೂ ಒಂದು ದೂರು. ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ದೂರು ಬರುತ್ತಿರುವುದು ಇನ್ಫೋಟೈನ್‌ಮೆಂಟ್ ಪರದೆಯ ಬಗ್ಗೆಯೇ.

2011ರಲ್ಲಿ ಫೋರ್ಡ್ ಈ ಮೊದಲ 90 ದಿನಗಳ ಪಟ್ಟಿಯಲ್ಲಿ 5ನೇ ಸ್ಥಾನದಿಂದ 23ಕ್ಕೆ ಜಾರಿತು. ದೊಡ್ಡ ಕಾರಣ ಮೈಫೋರ್ಡ್ ಟಚ್ ಎಂಬ ಪರದೆ. 'ಪರದೆ ತೊಂದರೆಗೆ ಕಾರನ್ನೇ ಕೆಟ್ಟದೆಂದರೆ ಹೇಗೆ' ಎಂದು ಆಗ ಮೂಗು ಮುರಿದವರಿದ್ದರು, ಅದರಲ್ಲಿ ನ್ಯಾಯವೂ ಇತ್ತು. ಆದರೆ ಅದೇ ರಾಶಿಯಲ್ಲಿ ಫಿಯೆಸ್ಟಾ, ಫೋಕಸ್ ಕಾರುಗಳ ಹೊಸ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಗ್ಗೆಯೂ ದೂರಿತ್ತು. ಮುಂದೆ ಅಮೆರಿಕದಲ್ಲಿ ಆ ಗೇರ್‌ಬಾಕ್ಸಿನ ವಾರಂಟಿ ಹೆಚ್ಚಿಸಬೇಕಾಯಿತು, ಮಾಲೀಕರು ಒಟ್ಟಾಗಿ ಕೋರ್ಟಿಗೂ ಹೋದರು. ಒಂದೇ ಅಂಕೆಯೊಳಗೆ ಸಣ್ಣ ಕಿರಿಕಿರಿಯೂ ದೊಡ್ಡ ರೋಗವೂ ಬೆರೆತುಹೋಗಿದ್ದವು. ಬಿಡಿಸಿ ನೋಡಿದವರಿಗೆ ಎಚ್ಚರಿಕೆ ಸಿಕ್ಕಿತು.

ಪ್ರಶ್ನೆ: ಜನರ ಅಭಿಪ್ರಾಯಕ್ಕಿಂತ ಜರ್ಮನಿಯ ತಪಾಸಣಾ ವರದಿಗಳು ಗಟ್ಟಿ ಎಂದು ಓದಿದೆ. ನಿಮ್ಮ ಅನಿಸಿಕೆ?

ಉತ್ತರ: ಗಟ್ಟಿಯೇ, ಆದರೆ ಬೇರೆ ವಿಷಯದಲ್ಲಿ. ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಕಡ್ಡಾಯ ತಪಾಸಣೆ. ಆ ಫಲಿತಾಂಶಗಳಿಂದ, ತಪಾಸಣೆ ನಡೆಸುವ ಟ್ಯೂಫ್ (TÜV) ಸಂಸ್ಥೆಗಳ ವರದಿ ತಯಾರಾಗುತ್ತದೆ. ನೆನಪಿನ ಹಂಗಿಲ್ಲ, ನೋಡುವವರು ತರಬೇತಾದ ಇನ್ಸ್‌ಪೆಕ್ಟರು. ಆದರೆ ಅವರು ನೋಡುವುದು ಬ್ರೇಕ್, ದೀಪ, ಟೈರು, ಸಸ್ಪೆನ್ಷನ್, ಹೊಗೆ. ತಿಂಗಳ ಹಿಂದೆ ಸ್ಟಾರ್ಟ್ ಆಗದೆ ಕಾಡಿದ ಕಾರು ಆ ದಿನ ಸರಿಯಾಗಿದ್ದರೆ ಪಾಸು. ಪೋರ್ಷೆ 911 ಹಲವು ಸಲ ಆ ಪಟ್ಟಿಯ ತುದಿಯಲ್ಲಿ ಕೂತಿದೆ. ಒಳ್ಳೆಯ ಕಾರು ಅನ್ನುವುದು ಒಂದು ಕಾರಣ. ಅದನ್ನು ಕಡಿಮೆ ಓಡಿಸಿ, ಮಗುವಿನಂತೆ ನೋಡಿಕೊಳ್ಳುತ್ತಾರೆ ಅನ್ನುವುದು ಇನ್ನೊಂದು.

ಅಲ್ಲಿನ ಮೋಟಾರು ಸಂಘ ಎಡಿಎಸಿ (ADAC) ಇನ್ನೊಂದು ಲೆಕ್ಕ ಇಡುತ್ತದೆ: ರಸ್ತೆಯಲ್ಲಿ ಕೆಟ್ಟು ನಿಂತ ಕಾರಿಗೆ ತನ್ನ ಜನ ಎಷ್ಟು ಸಲ ಹೋಗಬೇಕಾಯಿತು ಎಂದು. ಅದರಲ್ಲಿ ಶೇ. 40ಕ್ಕೂ ಹೆಚ್ಚು ಕರೆ 12 ವೋಲ್ಟ್ ಬ್ಯಾಟರಿಯ ಸಮಸ್ಯೆ. ಇದೇ ಸಂಘ 2014ರಲ್ಲಿ ಬೇರೊಂದು ವಿಷಯಕ್ಕೆ ತಲೆತಗ್ಗಿಸಿತು. 'ಜನಮೆಚ್ಚಿದ ಕಾರು' ಪ್ರಶಸ್ತಿಯಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ ಬಿದ್ದ 3,409 ಮತಗಳನ್ನು 34,299 ಎಂದು ತೋರಿಸಿದ್ದು ಬಯಲಾಗಿ, ಸಂಘದ ಅಧ್ಯಕ್ಷರೇ ರಾಜೀನಾಮೆ ಕೊಟ್ಟರು. ಕೆಟ್ಟು ನಿಂತ ಕಾರುಗಳ ಲೆಕ್ಕವೂ ಮೆಚ್ಚುಗೆಯ ಮತವೂ ಬೇರೆ ಬೇರೆ, ಎರಡರ ಮೇಲೂ ಒಂದೇ ಸಂಸ್ಥೆಯ ಹೆಸರಿದ್ದರೂ ಕೂಡ. ಮೆಚ್ಚುಗೆಯ ವಿಷಯಕ್ಕೆ ಬಂದರೆ ಟೆಸ್ಲಾವನ್ನೇ ನೋಡಿ. 2020ರ ಸುಮಾರಿಗೆ ಕನ್ಸ್ಯೂಮರ್ ರಿಪೋರ್ಟ್ಸ್‌ನಲ್ಲಿ 'ಮತ್ತೆ ಇದನ್ನೇ ಕೊಳ್ಳುವಿರಾ' ಎಂಬ ಪ್ರಶ್ನೆಗೆ ಅದರ ಮಾಲೀಕರು ಎಲ್ಲರಿಗಿಂತ ಜೋರಾಗಿ ಹೌದೆನ್ನುತ್ತಿದ್ದರು. ರಿಪೇರಿಯ ಪಟ್ಟಿಯಲ್ಲಿ ಅದೇ ಕಾರು ಕೆಳಗಿತ್ತು.

ಪ್ರಶ್ನೆ: ಹೆಸರುವಾಸಿ ಕಂಪನಿಯ ಕಾರಿಗೆ ಜನ ಕಣ್ಣುಮುಚ್ಚಿ ಒಳ್ಳೆಯ ಅಂಕ ಕೊಡುತ್ತಾರಲ್ಲವೇ?

ಉತ್ತರ: ಸ್ವಲ್ಪ ಹೌದು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಸೇರಿ 1984ರಿಂದ ನಡೆಸಿದ ಕಾರ್ಖಾನೆಯಿಂದ ಟೊಯೊಟಾ ಕೊರೊಲ್ಲಾ ಹೊರಬರುತ್ತಿತ್ತು, ಅದೇ ಕಾರು ಚೂರುಪಾರು ವೇಷ ಬದಲಿಸಿ ಜನರಲ್ ಮೋಟಾರ್ಸಿನ ಜಿಯೋ ಪ್ರಿಜ್ಮ್ ಎಂಬ ಹೆಸರಲ್ಲೂ ಬರುತ್ತಿತ್ತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೊರೊಲ್ಲಾಕ್ಕೆ ಹೆಚ್ಚು ಬೆಲೆ, ಪ್ರಿಜ್ಮ್‌ಗೆ ಕಡಿಮೆ. ಒಳಗಿನ ಎಂಜಿನ್ ಮಾತ್ರ ಟೊಯೊಟಾದ್ದೇ. ಹೀಗಿರುವಾಗ ಅಂಕ ಹಾಕುವ ಕೈ ಮೇಲೆ ಹೆಸರಿನ ಪ್ರಭಾವ ಬೀಳುವುದೇ ಇಲ್ಲ ಎನ್ನಲಾಗದು. 'ಎಷ್ಟು ತೃಪ್ತಿ' ಎಂದು ಕೇಳಿದಲ್ಲಿ ಅದು ಹೆಚ್ಚು, 'ರೇಡಿಯೇಟರ್ ಬದಲಿಸಿದಿರಾ' ಎಂದು ಕೇಳಿದಲ್ಲಿ ಕಡಿಮೆ.

ಪ್ರಶ್ನೆ: ಮೊನ್ನೆ ಬಿಡುಗಡೆಯಾದ ಎಲೆಕ್ಟ್ರಿಕ್ ಕಾರಿಗೆ ಆಗಲೇ ಬಾಳಿಕೆಯ ಅಂಕ ಕೊಟ್ಟಿದ್ದಾರೆ. ಹೇಗೆ ಸಾಧ್ಯ?

ಉತ್ತರ: ಅದು ಅಳತೆಯಲ್ಲ, ಅಂದಾಜು. ಮಾದರಿ ಹಳೆಯದಾದರೆ ಹಿಂದಿನ ವರ್ಷಗಳ ಮಾಹಿತಿಯ ಮೇಲೆ ಲೆಕ್ಕ ಹಾಕುತ್ತಾರೆ, ಪೂರಾ ಹೊಸದಾದರೆ ಆ ಕಂಪನಿಯ ಉಳಿದ ಕಾರುಗಳ ಚರಿತ್ರೆ ನೋಡಿ ಊಹಿಸುತ್ತಾರೆ. ತಾಳ್ಮೆಯಿದ್ದರೆ ಎರಡು ವರ್ಷ ಕಾಯಿರಿ.

ಪ್ರಶ್ನೆ: ನನಗೂ ಇಂಥದ್ದೊಂದು ಪ್ರಶ್ನಾವಳಿ ಬಂದಿದೆ. ನನ್ನ ಕಾರಿನಲ್ಲಿ ಹೇಳಿಕೊಳ್ಳುವಂಥ ತೊಂದರೆ ಏನೂ ಇಲ್ಲ. ತುಂಬಿ ಕಳಿಸಬೇಕೇ?

ಉತ್ತರ: ಖಂಡಿತ ಕಳಿಸಿ. ತೊಂದರೆ ಪಟ್ಟವರು ಹೇಗೂ ಕಳಿಸುತ್ತಾರೆ. ನಿಮ್ಮಂಥವರು ಸುಮ್ಮನಿದ್ದರೆ ಕಾರು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ತುಂಬುವಾಗ ಸರ್ವಿಸ್ ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ, ತಿಂಗಳನ್ನು ಅದರಿಂದಲೇ ಬರೆಯಿರಿ. ವೈಪರ್, ಬ್ರೇಕ್ ಪ್ಯಾಡ್ ಸವೆದು ಬದಲಿಸಿದ್ದನ್ನು ತೊಂದರೆ ಎಂದು ಸೇರಿಸಬೇಡಿ.