ಮನೆಯಲ್ಲಿ ಲೆದರ್ ಪರ್ಸ್ ಮಾಡುವವರು ಯಾವ ಅಂಟು ಕೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮನೆಯಲ್ಲೇ ಲೆದರ್ ಪರ್ಸ್ ಮಾಡಲು ಶುರು ಮಾಡಿದ್ದೀರಿ. ಸೂಪರ್ ಗ್ಲೂ ಹಾಕಿದರೆ ಮಡಿಕೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ, ಮರಕ್ಕೆ ಹಾಕುವ ಬಿಳಿ ಅಂಟು ಹಾಕಿದರೆ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ. ಹಾಗಾದರೆ ಯಾವುದನ್ನು ಕೊಳ್ಳಬೇಕು?

ಒಂದೇ ಡಬ್ಬಿ ತರುವುದಾದರೆ ಸಿಂಥೆಟಿಕ್ ರಬ್ಬರ್ ಅಂಟು ತನ್ನಿ. ಫೆವಿಕಾಲ್ ಎಸ್‌ಆರ್ 998 ಅಂತ ಕೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಸೋಫಾ ಕೆಲಸದವರು ರೆಕ್ಸಿನ್, ಫೋಮ್ ಅಂಟಿಸುವುದೂ ಈ ಜಾತಿಯ ಅಂಟಿನಲ್ಲೇ. ಒಣಗಿದ ಮೇಲೂ ಇದು ರಬ್ಬರಾಗಿಯೇ ಉಳಿಯುತ್ತದೆ, ಚರ್ಮ ಬಾಗಿದರೆ ತಾನೂ ಬಾಗುತ್ತದೆ. ಸೂಪರ್ ಗ್ಲೂಗೆ ಆ ಗುಣ ಇಲ್ಲ. ಅದು ಒಣಗಿದರೆ ಗಾಜು. ಪರ್ಸನ್ನು ದಿನಕ್ಕೆ ಎಷ್ಟು ಸಲ ತೆಗೆದು ಮಡಚುತ್ತೇವೆ, ಒಡೆಯದೆ ಇನ್ನೇನಾಗುತ್ತದೆ?

ಆದರೆ ಈ ಅಂಟನ್ನು ಹಚ್ಚುವ ರೀತಿಯೇ ಬೇರೆ. ಎರಡೂ ತುಂಡಿಗೆ ತೆಳುವಾಗಿ ಬಳಿಯಿರಿ. ಆಮೇಲೆ 10–15 ನಿಮಿಷ ಸುಮ್ನೆ ಬಿಡಿ. ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಆಗ ಎರಡನ್ನೂ ಸೇರಿಸಿ. ಹಸಿ ಇರುವಾಗಲೇ ಸೇರಿಸಿದರೆ ಒಳಗಿನ ದ್ರಾವಕ (ಅಂಟನ್ನು ಕರಗಿಸಿಟ್ಟಿರುವ, ಆರಿಹೋಗುವ ದ್ರವ) ಹೊರಗೆ ಹೋಗಲು ದಾರಿ ಇಲ್ಲದೆ ಹಿಡಿತ ಸಡಿಲವಾಗುತ್ತದೆ. ಸೇರಿಸಿದ ಮೇಲೆ ಎಷ್ಟು ಹೊತ್ತು ಒತ್ತಿ ಹಿಡಿದಿರಿ ಅನ್ನುವುದಕ್ಕಿಂತ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದು ಮುಖ್ಯ. ಚಪ್ಪಲಿ ರಿಪೇರಿ ಮಾಡುವವರು ಸುತ್ತಿಗೆಯಿಂದ ತಟ್ಟುವುದು ಇದಕ್ಕೇ. ಒಮ್ಮೆ ಕೂತರೆ ಜರುಗಿಸಲು ಆಗುವುದಿಲ್ಲ. ಹಾಗಾಗಿ ನಡುವೆ ಬಟರ್ ಪೇಪರ್ ಇಟ್ಟು ಅಂಚು ಹೊಂದಿಸಿ, ಪೇಪರನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳಿ.

ನೀವು ಕರಾವಳಿ ಅಥವಾ ಮಲೆನಾಡಿನವರಾದರೆ ಇನ್ನೊಂದು ಮಾತು. ದ್ರಾವಕ ಆರುವಾಗ ಅಂಟಿನ ಮೇಲ್ಮೈ ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಅಂಟು ಬೆಳ್ಳಗೆ ಮಂಕಾಗುತ್ತದೆ. ಆ ಸ್ಥಿತಿಯಲ್ಲಿ ಅಂಟಿಸಬೇಡಿ.

ಬಿಳಿ ಅಂಟು ಕೆಟ್ಟದ್ದೇನಲ್ಲ. ವಾಸನೆ ಕಡಿಮೆ, ಜರುಗಿಸಿ ಹೊಂದಿಸಲು ಸಮಯ ಕೊಡುತ್ತದೆ. ಒಣಗಿದಾಗ ಸ್ವಲ್ಪ ಬಿರುಸು, ಒಣಗುವವರೆಗೂ ಕ್ಲಿಪ್ ಹಾಕಿ ಒತ್ತಿಟ್ಟಿರಬೇಕು, ಅಷ್ಟೇ. ನಿಮ್ಮದು ಅಲ್ಲಲ್ಲಿ ಬಿಟ್ಟುಕೊಂಡಿದೆ ಅಂದರೆ ನನ್ನ ಅನುಮಾನ ಅಂಟಿನ ಮೇಲಲ್ಲ, ಚರ್ಮದ ಮೇಲೆ. ಲೆದರಿನ ಒಳಬದಿ ಒರಟು, ನಾರುನಾರು. ಅದು ಯಾವ ಅಂಟನ್ನೂ ಹಿಡಿಯುತ್ತದೆ. ಹೊರಬದಿ ನಯ, ಅದರ ಮೇಲೆ ಫಿನಿಶ್ ಬೇರೆ ಇರುತ್ತದೆ. ಪರ್ಸಿನ ಪಾಕೆಟ್‌ಗಳಲ್ಲಿ ಒಂದರ ಒಳಬದಿ ಇನ್ನೊಂದರ ಹೊರಬದಿಯ ಮೇಲೆ ಕೂರುತ್ತದೆ ಅಲ್ವಾ? ಆ ಹೊರಬದಿಯ ಅಂಚನ್ನು 4–5 ಮಿ.ಮೀ. ಅಗಲಕ್ಕೆ ಎಮರಿ ಪೇಪರಿನಿಂದ ಉಜ್ಜಿ ಒರಟು ಮಾಡಲೇಬೇಕು. ಅಂಟು ಹಾಕುವುದೂ ಅಷ್ಟೇ ಅಗಲಕ್ಕೆ. ಪೂರ್ತಿ ಬಳಿದರೆ ಪಾಕೆಟ್ಟೇ ಮುಚ್ಚಿಹೋಗುತ್ತದೆ. ಬಣ್ಣ ಹಾಕುವುದಿದ್ದರೆ ಮೊದಲೇ ಹಾಕಿ. ಅಂಟು ತಾಗಿದ ಜಾಗ ಬಣ್ಣ ಹೀರುವುದಿಲ್ಲ. ಎಣ್ಣೆ ಜಾಸ್ತಿ ಇರುವ ಚರ್ಮ ಎಲ್ಲ ಅಂಟಿಗೂ ತಲೆನೋವೇ.

ಸೈಕಲ್ ಪಂಕ್ಚರಿಗೆ ಹಾಕುವಂಥ ರಬ್ಬರ್ ಸೊಲ್ಯೂಷನ್ ತಾತ್ಕಾಲಿಕ ಹಿಡಿತಕ್ಕೆ, ಅಂಚು ಮಡಚಲು ಸಾಕು. ಡಬಲ್ ಸೈಡ್ ಟೇಪ್ ಕೂಡ ಆದೀತು, ಆದರೆ ಅದರ ಮೇಲೆ ಮಷಿನ್ ಹೊಲಿಗೆ ಹಾಕಿದರೆ ಸೂಜಿಗೆ ಗೋಂದು ಮೆತ್ತಿಕೊಳ್ಳುತ್ತದೆ. ಮುಂದೆ ಎಂದಾದರೂ ಪಿವಿಸಿ ಅಟ್ಟೆ ಅಂಟಿಸಲು ಹೊರಟರೆ ಪಿಯು (ಪಾಲಿಯುರೆಥೇನ್) ಅಂಟು ತನ್ನಿ. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥ ಮೆಲ್ಲಗೆ ಹೊರಬಂದು ರಬ್ಬರ್ ಅಂಟನ್ನು ಕರಗಿಸುತ್ತದೆ.

ಯಾವ ಅಂಟೇ ಇರಲಿ, ಹೊಲಿಗೆ ಬಿಡಬೇಡಿ. ಪರ್ಸು, ಬೆಲ್ಟುಗಳಲ್ಲಿ ಅಂಟಿನ ಕೆಲಸ ಹೊಲಿಯುವವರೆಗೆ ತುಂಡು ಜರುಗದಂತೆ ಹಿಡಿಯುವುದು. ಎಳೆತ ತಡೆಯುವುದು ದಾರ. ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿ ನೋಡಿ, ಸಾಂಪ್ರದಾಯಿಕ ಜೋಡಿಯಲ್ಲಿ ಮೊಳೆ ಇರುವುದಿಲ್ಲ, ಅಟ್ಟೆಯನ್ನು ಚರ್ಮದ ದಾರದಲ್ಲೇ ಹೊಲಿದಿರುತ್ತಾರೆ. (ಜಿಐ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಹೆಸರು ಮಾತ್ರ ಪೂರ್ತಿ ಕೊಲ್ಹಾಪುರಕ್ಕೆ ಹೋಯಿತು!)

ವಾಸನೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ರಬ್ಬರ್ ಅಂಟುಗಳಲ್ಲಿ ಸಾಮಾನ್ಯವಾಗಿ ಟಾಲ್ಯೂಯಿನ್, ಹೆಕ್ಸೇನ್‌ನಂಥ ದ್ರಾವಕಗಳು ಇರುತ್ತವೆ. 1960ರ ದಶಕದಲ್ಲಿ ಜಪಾನಿನಲ್ಲಿ ಚಪ್ಪಲಿ ತಯಾರಿಸುತ್ತಿದ್ದವರಿಗೆ ಹೆಕ್ಸೇನ್ ಆವಿಯಿಂದ ಕೈಕಾಲಿನ ನರಗಳಿಗೇ ಹಾನಿಯಾಗಿತ್ತು. ಕಿಟಕಿ ತೆರೆದಿಡಿ. ಹತ್ತಿರ ಒಲೆ, ದೀಪ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು. ಗಾಳಿಯಾಡದ ಕೋಣೆ, ಮನೆಯಲ್ಲಿ ಪುಟ್ಟ ಮಗು ಇದ್ದರೆ ನನ್ನ ಸಲಹೆ ಬಿಳಿ ಅಂಟೇ, ಚರ್ಮ ಚೆನ್ನಾಗಿ ಉಜ್ಜಿಕೊಂಡು.

ರಬ್ಬರ್ ಅಂಟಾದರೆ ಚಿಕ್ಕ ಡಬ್ಬಿಯೇ ತನ್ನಿ, ತೆರೆದ ಮೇಲೆ ಬೇಗ ಮಂದವಾಗುತ್ತದೆ. ಪರ್ಸಿಗೆ ಹಚ್ಚುವ ಮೊದಲು ಅದೇ ಚರ್ಮದ ಎರಡು ಚೂರು ಅಂಟಿಸಿ, ಮಾರನೆಯ ದಿನ ಕಿತ್ತು ನೋಡಿ. ನಾರು ಹರಿದು ಬಂದರೆ ಎಲ್ಲ ಸರಿ ಇದೆ. ಅಂಟಿನ ಪದರ ಒಂದು ಬದಿಯಿಂದ ಚೊಕ್ಕಟವಾಗಿ ಎದ್ದು ಬಂದರೆ, ಆ ಬದಿಗೆ ಇನ್ನಷ್ಟು ಎಮರಿ ಪೇಪರ್ ಬೇಕು.